ನಾನು ವಾದಿಸಿ ಗೆಲ್ಲಿಸಿದ ಹುಡುಗ

ವಾದದಲ್ಲಿ ಗೆಲ್ಲುವ ಅಭ್ಯಾಸ ಇಲ್ಲದವರು ಅಕಸ್ಮಾತ್ತಾಗಿ ಗೆದ್ದುಬಿಟ್ಟರೆ ಆಗುವ ಅನಾಹುತ ಅಷ್ಟಿಷ್ಟಲ್ಲ. ನಾನು ಹುಟ್ಟಿನಿಂದಲೇ ಸೋಲುವ ಪೈಕಿ. ಮನೆಯಲ್ಲಿ ಹೆಂಡತಿಯೊಂದಿಗೆ ವಾದಕ್ಕಿಳಿದರೆ ನನ್ನ ಮೊದಲನೆಯ ವಾಕ್ಯ ತಪ್ಪೆಂದು ಎರಡನೆಯ ವಾಕ್ಯದ ಹೊತ್ತಿಗೆ ನನಗೇ ಅನ್ನಿಸತೊಡಗುತ್ತದೆ. ಡೊಂಬಿವಲಿ ಸ್ಟೇಷನ್ನಿನ ಶೇರ್ ರಿಕ್ಷಾದವನು ಹಿಂದೆ ಮೂವರನ್ನು ತುಂಬಿಕೊಂಡು, ನನ್ನನ್ನು ತನ್ನ ಪಕ್ಕದಲ್ಲಿ ಅರ್ಧ ಮೈ ರಸ್ತೆಯ ಮೇಲಿರುವಂತೆ ಕೂರಿಸಿಕೊಳ್ಳುತ್ತಾನೆ. ಇದು ನಿಯಮಕ್ಕೆ ವಿರುದ್ಧ ಎಂದು ಹೇಳಲು ನಾನು ಹಿಂದಿಯಲ್ಲಿ ವಾಕ್ಯ ಜೋಡಿಸುವಷ್ಟರಲ್ಲಿ ಮನೆ ಬಂದಿರುತ್ತದೆ. ಇಂಥ ನಾನು ಜೀವಮಾನದಲ್ಲಿ ಒಂದೇ ಒಂದು ವಾದ ಗೆದ್ದಿದ್ದೇನೆ. ಆ ಗೆಲುವಿನಿಂದಾಗಿ ನಮ್ಮ ಕನ್ನಡ ಸಂಘದ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿದ್ದ ನನ್ನ ಸ್ವಂತ ಜಾಗವನ್ನೇ ಕಳೆದುಕೊಂಡೆ.

ಕನ್ನಡ ಸಂಘಕ್ಕೆ ಬ್ಯಾಸ್ಕೆಟ್‌ಬಾಲ್ ತಂಡ ಯಾಕೆ ಎಂದು ನೀವು ಕೇಳಬಹುದು. ಮೊದಲು ನಮ್ಮದು ಕ್ರಿಕೆಟ್ ತಂಡವೇ ಆಗಿತ್ತು. ಆದರೆ ನಮ್ಮಲ್ಲಿ ಮೈದಾನ ಸಿಗುವುದೇ ಕಷ್ಟ, ಸಿಕ್ಕರೂ ಒಂದೇ ಮೈದಾನದಲ್ಲಿ ಏಳೆಂಟು ಪಂದ್ಯಗಳು ಒಟ್ಟಿಗೆ ನಡೆಯುತ್ತಿರುತ್ತವೆ. ನಮ್ಮವರು ಹೊಡೆದ ಚೆಂಡನ್ನು ಇನ್ಯಾರದೋ ಪಂದ್ಯದ ಫೀಲ್ಡರ್ ಹಿಡಿದು ಕುಣಿದಾಡುತ್ತಾನೆ. ಎಂಐಡಿಸಿ ಕೈಗಾರಿಕಾ ಬಡಾವಣೆಯ ವಸತಿ ಪ್ರದೇಶದ ಶಾಲೆಯೊಂದರ ಬ್ಯಾಸ್ಕೆಟ್‌ಬಾಲ್ ಅಂಕಣ ಮಾತ್ರ ಭಾನುವಾರ ಬೆಳಿಗ್ಗೆ ಖಾಲಿ ಬಿದ್ದಿರುತ್ತಿತ್ತು. ಅಷ್ಟೇ ಕಾರಣ. ನಾನು ಮೈಸೂರಿನಲ್ಲಿ ಕಾಲೇಜು ದಿನಗಳಲ್ಲಿ ಆ ಆಟ ಆಡಿದವನೆಂದು ಹೇಳಿಕೊಂಡಿದ್ದೆ. ನಿಜ ಹೇಳಬೇಕೆಂದರೆ ಆಡುವವರ ಚಪ್ಪಲಿ ಕಾಯುತ್ತಿದ್ದೆ, ಆದರೆ ತುಂಬ ಹತ್ತಿರದಿಂದ ಕಾಯುತ್ತಿದ್ದೆ. ಹಾಗಾಗಿ ನನ್ನನ್ನು ಗಾರ್ಡ್ ಮಾಡಿದರು. ಗಾರ್ಡ್ ಎಂದರೆ ಚೆಂಡನ್ನು ತಟ್ಟಿಕೊಂಡು ಮುಂದಕ್ಕೆ ತಂದು, ಸಾಧ್ಯವಾದರೆ ದೂರದಿಂದಲೇ ಗುರಿಯಿಟ್ಟು ಬುಟ್ಟಿಗೆ ಹಾಕಬೇಕಾದವನು. 'ಸಾಧ್ಯವಾದರೆ' ಎಂಬ ಮಾತಿನ ಆಶ್ರಯದಲ್ಲಿ ನಾನು ಐದಾರು ವರ್ಷ ಬಾಳಿದೆ. ಚೆಂಡು ಕೈಗೆ ಬಂದ ಕೂಡಲೇ ಹೆದರಿ ಬೇರೆಯವರಿಗೆ ದಾಟಿಸಿಬಿಡುತ್ತಿದ್ದೆ. ಇದನ್ನು ನೋಡಿದವರು ನನ್ನದು ಸ್ವಾರ್ಥವಿಲ್ಲದ ಆಟ ಎಂದು ಹೊಗಳುತ್ತಿದ್ದರು, ನಾನೂ ನಂಬಿದ್ದೆ.

ತಂಡದ ಕ್ಯಾಪ್ಟನ್ ಶೆಟ್ಟರು. ಉಡುಪಿ ಕಡೆಯವರು, ಭಾಂಡುಪಿನಲ್ಲಿ ಹೋಟೆಲು. ಅವರೇ ಕೈಯಿಂದ ದುಡ್ಡು ಹಾಕಿ ಹತ್ತು ಜರ್ಸಿ ಹೊಲಿಸಿದ್ದರು. ಹತ್ತು ಜರ್ಸಿ, ಆದ್ದರಿಂದ ಹತ್ತು ಆಟಗಾರರು. ಹನ್ನೊಂದನೆಯವನು ಬರಬೇಕಾದರೆ ಹತ್ತರಲ್ಲಿ ಒಬ್ಬ ಜರ್ಸಿ ಬಿಚ್ಚಬೇಕು. ಆಯ್ಕೆ ಸಮಿತಿಯಲ್ಲಿ ಶೆಟ್ಟರ ಜೊತೆ ನಾನು ಮತ್ತು ಧಾರವಾಡದ ಪಾಟೀಲರು ಇದ್ದೆವು. ಪಾಟೀಲರು ಮುಲುಂಡಿನ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್, ನಮ್ಮ ತಂಡದ ಅತಿ ಎತ್ತರದ ಹಾಗೂ ಅತಿ ಅಗಲದ ಆಟಗಾರ. ಸಂಜೆ ಲೋಕಲ್ ರೈಲಿನಿಂದ ಇಳಿದ ಡೊಂಬಿವಲಿಯ ಮನುಷ್ಯನಲ್ಲಿ ಊಟ ಮಾಡುವಷ್ಟು ಮಾತ್ರ ಶಕ್ತಿ ಉಳಿದಿರುವುದರಿಂದ ಸಮಿತಿಯ ಸಭೆಗಳೆಲ್ಲ ಬೆಳಗಿನ ಸ್ಲೋ ಲೋಕಲಿನಲ್ಲಿ, ನಿಂತುಕೊಂಡೇ ನಡೆಯುತ್ತಿದ್ದವು. ನಾನು ಠಾಣೆಯಲ್ಲಿ ಇಳಿದು ವಾಶಿಯ ಗಾಡಿ ಹಿಡಿಯಬೇಕು. ಅವರಿಬ್ಬರು ಅದೇ ಗಾಡಿಯಲ್ಲಿ ಮುಂದೆ ಹೋಗುತ್ತಾರೆ. ಹೀಗಾಗಿ ಯಾವ ವಿಷಯವೇ ಇರಲಿ, ಠಾಣೆಗಿಂತ ಒಂದು ಸ್ಟೇಷನ್ ಮುಂಚಿನ ಕಳವಾ ಬರುವುದರೊಳಗೆ ನಾನು ಹೇಳಿದ್ದಕ್ಕೆ ಎಲ್ಲರೂ ಒಪ್ಪುತ್ತಿದ್ದರು. ಠಾಣೆ ದಾಟಿದ ಮೇಲೆ ಅವರಿಬ್ಬರೇ ಅದನ್ನು ರದ್ದು ಮಾಡುತ್ತಿದ್ದರು.

ಆ ವರ್ಷ ಮಳೆ ಹಿಡಿಯುವ ಮುಂಚೆ ಒಂದು ಭಾನುವಾರ ನಿಖಿಲ ಎಂಬ ಹುಡುಗ ಅಂಕಣಕ್ಕೆ ಬಂದ. ಸಂಘದ ಸದಸ್ಯರೊಬ್ಬರ ಮಗ, ಆಗತಾನೇ ಕಾಲೇಜು ಸೇರಿದವನು, ಊದಿದರೆ ಹಾರುವ ಹಾಗಿದ್ದ. ಮೂಲೆಯಲ್ಲಿ ನಿಂತು, ನಾನು ಫೋನ್ ಮಾಡಿ ವಿಚಾರಿಸುವಷ್ಟು ದೂರದಿಂದ ಚೆಂಡನ್ನು ಎಸೆದ. ಅದು ಕಬ್ಬಿಣದ ಬಳೆಯನ್ನು ಮುಟ್ಟದೆ ಬಲೆಯೊಳಗಿಂದ ಇಳಿಯಿತು. ಇನ್ನೊಂದು ಎಸೆದ, ಅದೂ ಇಳಿಯಿತು. ಮತ್ತೊಂದು ಮೂಲೆಗೆ ಹೋಗಿ ಎಸೆದ, ಅಲ್ಲಿಯೂ ಅದೇ ಕತೆ. ನಾನು ಓಡಿಹೋಗಿ, "ಏನಪ್ಪಾ, ಕನ್ನಡ ಬರುತ್ತಾ?" ಎಂದು ಕೇಳಿದೆ. "ಸಮಝ್ತಾ ಹೈ ಅಂಕಲ್, ಬೋಲ್ನೇ ಕೋ ನಹೀ ಆತಾ," ಅರ್ಥವಾಗುತ್ತದೆ, ಮಾತಾಡಲು ಬರುವುದಿಲ್ಲ ಎಂದು ನಾಚಿಕೊಂಡ. ಈ ಹುಡುಗ ನಮ್ಮ ತಂಡಕ್ಕೆ ಬಂದರೆ ಪ್ರತಿ ವರ್ಷ ಮೊದಲ ಸುತ್ತಿನಲ್ಲೇ ಸೋತು ಬರುವ ನಮ್ಮ ಸಂಘ ಈ ಸಲ ನೇರುಳದ ಟೂರ್ನಮೆಂಟಿನಲ್ಲಿ ಕಪ್ಪು ಎತ್ತುತ್ತದೆ ಎಂದು ನನಗೆ ಖಾತ್ರಿಯಾಯಿತು. ಆ ಕ್ಷಣದಲ್ಲಿ ನನ್ನ ಮನಸ್ಸು ಶುದ್ಧವಾಗಿತ್ತು. ಹತ್ತು ಜರ್ಸಿಯ ಲೆಕ್ಕ ತಲೆಗೆ ಬರಲೇ ಇಲ್ಲ.

ಮಾರನೆಯ ದಿನದಿಂದಲೇ ಲೋಕಲಿನಲ್ಲಿ ವಿಷಯ ಎತ್ತಿದೆ. ವಿಚಿತ್ರವೆಂದರೆ ಶೆಟ್ಟರು, ಪಾಟೀಲರು ಇಬ್ಬರೂ ಒಪ್ಪಲಿಲ್ಲ. "ಎಂತದು ಮಾರಾಯ್ರೆ, ಅಷ್ಟು ಅರ್ಜೆಂಟು ಎಂತ? ಹುಡುಗ ಇನ್ನೂ ಸಣ್ಣವ. ಮುಂದಿನ ವರ್ಷ ನೋಡುವ," ಎಂದರು ಶೆಟ್ಟರು. ನನ್ನ ಮುಖ ನೋಡದೆ ಮುಂಬ್ರಾದ ಗುಡ್ಡ ನೋಡುತ್ತ ಹೇಳಿದರು. ಪಾಟೀಲರು, "ಹುಡುಗ ಛಲೋ ಅದಾನ್ರಿ, ಇಲ್ಲ ಅನ್ನೂದಿಲ್ಲ. ಆದ್ರ ಅಂವಗ ಪಾಸ್ ಕೊಡೂದು ಗೊತ್ತಿಲ್ಲ. ಚೆಂಡು ಕೈಗೆ ಬಂತಂದ್ರ ಒಗದ ಬಿಡತಾನ," ಎಂದರು. "ಒಗೆದಿದ್ದೆಲ್ಲ ಒಳಗೇ ಬೀಳುತ್ತಲ್ಲ ಪಾಟೀಲ್ರೇ, ಇನ್ನೇನು ಬೇಕು?" ಎಂದೆ. ಮರುದಿನ ಶೆಟ್ಟರು, ಹುಡುಗ ಹಿಂದಿಯಲ್ಲೇ ಉತ್ತರ ಕೊಡುತ್ತಾನೆ, ಕನ್ನಡ ಸಂಘದ ಮರ್ಯಾದೆ ಏನಾಗಬೇಕು ಎಂದು ಹೊಸ ತಕರಾರು ತೆಗೆದರು. ಅವರ ಮಗಳು ಅವರಿಗೇ ಮರಾಠಿಯಲ್ಲಿ ಬೈಯುವುದನ್ನು ನಾನು ನೆನಪಿಸಿದೆ. ಪಾಪ, ಮತ್ತೆ ಗುಡ್ಡ ನೋಡತೊಡಗಿದರು. ದಿನವೂ ಕಳವಾ ಬರುವುದರೊಳಗೆ ನಾನು ಗೆಲ್ಲುತ್ತಿದ್ದೆ, ಮರುದಿನ ದಿವಾ ಸ್ಟೇಷನ್ ಬರುವಷ್ಟರಲ್ಲಿ ವಾದ ಮತ್ತೆ ಮೊದಲಿನಿಂದ ಶುರುವಾಗುತ್ತಿತ್ತು. ಇಷ್ಟು ಸಣ್ಣ ಮನಸ್ಸಿನವರ ಜೊತೆ ಇಷ್ಟು ವರ್ಷ ಆಡಿದೆನಲ್ಲ ಎಂದು ಮನೆಗೆ ಬಂದು ಹೆಂಡತಿಯ ಹತ್ತಿರ ಹೇಳಿಕೊಂಡೆ. ಅವಳು ಹುರುಳಿಕಾಯಿ ಹೆಚ್ಚುತ್ತಾ, "ಆ ಹುಡುಗ ಬಂದ್ರೆ ಯಾರು ಹೋಗ್ಬೇಕು?" ಎಂದಳು. "ಪಾಟೀಲರು," ಎಂದೆ. ಅವಳು ಒಂದು ಸಲ ನನ್ನನ್ನು ನೋಡಿ ಮತ್ತೆ ಹುರುಳಿಕಾಯಿಗೆ ಹೋದಳು.

ಆಮೇಲೆ ಜುಲೈ ತಿಂಗಳ ಆ ಬೆಳಿಗ್ಗೆ ಬಂತು. ಭಾರಿ ಮಳೆ. ನಮ್ಮ ಗಾಡಿ ಮುಂಬ್ರಾ ದಾಟಿ, ಒಂದು ಕಡೆ ಗುಡ್ಡ ಇನ್ನೊಂದು ಕಡೆ ಖಾಡಿ, ಅಂದರೆ ಸಮುದ್ರದ ಹಿನ್ನೀರು ಇರುವಲ್ಲಿ ನಿಂತುಬಿಟ್ಟಿತು. ಸಿಗ್ನಲ್ ಕೆಟ್ಟಿತ್ತು. ಉಳಿದವರಿಗೆಲ್ಲ ಆಫೀಸಿನ ಚಿಂತೆಯಾದರೆ ನನಗೆ ದೇವರೇ ಕಣ್ಣು ಬಿಟ್ಟ ಹಾಗಾಯಿತು. ಠಾಣೆ ಬರುವಂತಿಲ್ಲ, ನಾನು ಇಳಿಯುವಂತಿಲ್ಲ, ಅವರು ತಪ್ಪಿಸಿಕೊಳ್ಳುವಂತಿಲ್ಲ. ಒಂದು ಗಂಟೆ ಮಾತಾಡಿದೆ. ತಂಡ ಯಾರಪ್ಪನ ಆಸ್ತಿಯೂ ಅಲ್ಲ ಎಂದೆ. ಹಳಬರೆಂಬ ಮುಲಾಜು ಸಾಕು, ಎರಡು ವರ್ಷದಿಂದ ಒಂದು ಬುಟ್ಟಿಯನ್ನೂ ಹಾಕದವರನ್ನು ಹೊತ್ತುಕೊಂಡು ತಿರುಗುವುದು ಆಟಕ್ಕೇ ದ್ರೋಹ ಎಂದು ಪಾಟೀಲರ ಹೊಟ್ಟೆಯ ಕಡೆ ನೋಡಿ ಹೇಳಿದೆ. ನಮ್ಮ ಗಲಾಟೆಯಲ್ಲಿ 'ಹುಡುಗ, ಹುಡುಗ' ಎಂಬುದಷ್ಟೇ ಅರ್ಥವಾಗಿದ್ದ ಪಕ್ಕದ ಮರಾಠಿ ಗೃಹಸ್ಥರೊಬ್ಬರು ಇದು ಮದುವೆ ಮಾತುಕತೆ ಎಂದುಕೊಂಡು, "ಮುಲಗಾ ಚಾಂಗಲಾ ಆಹೇ ನಾ? ಮಗ್ ಕಶಾಲಾ ಥಾಂಬತಾ?" ಎಂದರು. ಹುಡುಗ ಒಳ್ಳೆಯವನಾದರೆ ಮತ್ತೆ ತಡ ಯಾಕೆ! ನನಗೆ ಇನ್ನಷ್ಟು ಹುಮ್ಮಸ್ಸು ಬಂತು.

"ಆಯಿತು, ಪರವಾಗಿರುವವರು ಕೈ ಎತ್ತಿ," ಎಂದೆ. ಲೋಕಲಿನಲ್ಲಿ ನಿಂತವರ ಕೈ ಯಾವಾಗಲೂ ಮೇಲೆಯೇ ಇರುತ್ತದೆ ಎಂಬುದು ನಿಮಗೆ ಗೊತ್ತು. ಇಡೀ ಬೋಗಿ ಹಿಡಿಕೆ ಹಿಡಿದು ಕೈ ಎತ್ತಿ ನಿಂತಿತ್ತು. "ಇದು ಓಟಲ್ಲ ಮಾರಾಯ್ರೆ, ಹಿಡಿಕೆ!" ಎಂದು ಶೆಟ್ಟರು ಕೂಗಿದರು. "ವಿರೋಧ ಇರುವವರು ಕೈ ಇಳಿಸಬಹುದು," ಎಂದೆ. ಸರಿಯಾಗಿ ಅದೇ ಹೊತ್ತಿಗೆ ಗಾಡಿ ಜಗ್ಗಿ ಹೊರಟಿತು. ಕೈ ಇಳಿಸುವ ಧೈರ್ಯ ಯಾರಿಗೂ ಬರಲಿಲ್ಲ. ನಿರ್ಣಯ ಸರ್ವಾನುಮತದಿಂದ ಪಾಸಾಯಿತು ಎಂದು ನಾನು ಘೋಷಿಸಿದೆ. ಮರಾಠಿ ಗೃಹಸ್ಥರು ನನ್ನ ಕೈ ಕುಲುಕಿ ಅಭಿನಂದಿಸಿದರು.

ಗಾಡಿ ಕಳವಾ ದಾಟಿತು. ಕೊನೆಗೆ ನಾನೇ, ಹಾಗಾದರೆ ಎರಡು ವರ್ಷದಿಂದ ಬುಟ್ಟಿ ಹಾಕದವರು ಗೌರವದಿಂದ ಜಾಗ ಬಿಡಲಿ ಎಂದೆ. ಪಾಟೀಲರು ಬಹಳ ಮೆತ್ತಗೆ, "ಸಾಹೇಬ್ರ, ನಾ ಹೋದ ವರ್ಷ ಒಂದ ಹಾಕೀನ್ರಿ. ನೀವ ಪಾಸ್ ಕೊಟ್ಟಿದ್ರಿ," ಎಂದರು. ಶೆಟ್ಟರು ಖಾಡಿ ನೋಡುತ್ತಿದ್ದರು. ನಾನು ತಂಡದ ಹತ್ತು ಜನರ ಹೆಸರನ್ನು ಒಂದೊಂದಾಗಿ ನೆನಪಿಸಿಕೊಂಡೆ. ಪ್ರತಿಯೊಬ್ಬರೂ ಎಲ್ಲೋ ಒಂದು ಕಡೆ, ಒಂದಲ್ಲ ಒಂದು ಬುಟ್ಟಿ ಹಾಕಿದ್ದರು, ಬಹುಪಾಲು ನನ್ನ ಪಾಸಿನಿಂದಲೇ. ಒಬ್ಬನ ಹೆಸರು ಮಾತ್ರ ಉಳಿಯಿತು. ಅಷ್ಟರಲ್ಲಿ ಠಾಣೆ ಬಂತು, ಇಳಿದೆ. ಇಷ್ಟು ದಿನವೂ ಆ ಇಬ್ಬರು ಹುಡುಗನನ್ನು ವಿರೋಧಿಸುತ್ತಿದ್ದುದು ನನ್ನನ್ನು ಉಳಿಸಿಕೊಳ್ಳುವುದಕ್ಕೆ ಎಂದು ವಾಶಿ ಗಾಡಿಯಲ್ಲಿ ಕೂತ ಮೇಲೆ ತಿಳಿಯಿತು. ನನಗೆ ಅಳು ಬಂದಂತಾಯಿತು, ನಗುವೂ ಬಂತು. ತುರ್ಭೆ ಬರುವಷ್ಟರಲ್ಲಿ ಎರಡೂ ಸೇರಿ ಕೆಮ್ಮಾಗಿ, ಎದುರಿನವನು ನೀರು ಕೊಟ್ಟ.

ಜರ್ಸಿಯನ್ನು ಹೆಂಡತಿ ಒಗೆದು ಇಸ್ತ್ರಿ ಮಾಡಿ ಕೊಟ್ಟಳು. ಒಂದು ಮಾತೂ ಆಡಲಿಲ್ಲ. ಅವಳು ಒಂದು ಮಾತೂ ಆಡದಿರುವುದು ಎಷ್ಟು ದೊಡ್ಡ ದಯೆ ಎಂಬುದು ಮದುವೆಯಾದವರಿಗೆ ಗೊತ್ತು. ನವರಾತ್ರಿ ಮುಗಿದ ಮೇಲೆ, ಅಕ್ಟೋಬರ್ ಬಿಸಿಲಿನಲ್ಲಿ, ನೇರುಳದಲ್ಲಿ ಟೂರ್ನಮೆಂಟು. ನಾನು ಅವಳ ಪಕ್ಕದಲ್ಲಿ ಪ್ರೇಕ್ಷಕನಾಗಿ ಕೂತೆ. ನಿಖಿಲ ನನ್ನ ಜರ್ಸಿ ಹಾಕಿಕೊಂಡು ಅದರೊಳಗೆ ಕಳೆದುಹೋಗಿದ್ದ. ಅವನ ಮೊದಲ ಎಸೆತ ಬಳೆಗೆ ಬಡಿದು ಹೊರಗೆ ಬಿತ್ತು. ನನಗೆ ಸಂತೋಷವಾಯಿತು, ಆದದ್ದನ್ನು ಆಗಿಲ್ಲ ಎಂದು ಹೇಗೆ ಹೇಳಲಿ? ಎರಡನೆಯದು ಒಳಗೆ ಬಿತ್ತು. ಮೂರನೆಯದೂ ಬಿತ್ತು. ಆಮೇಲೆ ನಾನು ಕುರ್ಚಿಯ ಮೇಲೆ ಹತ್ತಿ ನಿಂತು "ಹಾಕೋ ಮಗನೇ, ಹಾಕೋ!" ಎಂದು ಗಂಟಲು ಹರಿದುಕೊಳ್ಳುತ್ತಿದ್ದುದು ಹೆಂಡತಿ ನನ್ನ ಅಂಗಿ ಹಿಡಿದು ಎಳೆದಾಗಲೇ ಗೊತ್ತಾದದ್ದು. ಕಪ್ಪು ನಮ್ಮದಾಯಿತು.

ಸಮಾರಂಭದಲ್ಲಿ ಸಂಘದ ಅಧ್ಯಕ್ಷರು ಮೈಕಿನಲ್ಲಿ ನನ್ನ ಹೆಸರು ಕರೆದರು. ಹೊಸ ಪ್ರತಿಭೆಗಾಗಿ ತಮ್ಮ ಸ್ಥಾನವನ್ನು ತಾವಾಗಿಯೇ ಬಿಟ್ಟುಕೊಟ್ಟ ತ್ಯಾಗಜೀವಿ ಎಂದರು. ನಿಖಿಲ ಓಡಿಬಂದು ಕಾಲಿಗೆ ನಮಸ್ಕರಿಸಿದ. "ಅಂಕಲ್, ಶೆಟ್ಟಿ ಅಂಕಲ್ ನೇ ಸಬ್ ಬತಾಯಾ. ಆಪ್ ಮೇರೇ ಲಿಯೇ ಕಿತ್ನಾ ಲಡೇ," ಎಂದ. ನಾನು ಅವನಿಗಾಗಿ ಎಷ್ಟು ಹೋರಾಡಿದೆನೆಂದು ಶೆಟ್ಟರು ಎಲ್ಲ ಹೇಳಿದ್ದರಂತೆ. ಆಮೇಲೆ ಬಾಯಿಪಾಠ ಮಾಡಿಕೊಂಡು ಬಂದವನಂತೆ, "ತುಂಬ ಉಪಕಾರ ಆಯ್ತು," ಎಂದು ಕನ್ನಡದಲ್ಲೂ ಹೇಳಿದ. ನನ್ನ ಎದೆ ತುಂಬಿಬಂತು. ಆ ಮುಗ್ಧ ಹುಡುಗನಿಗೆ ಸುಳ್ಳು ನಂಬಿಸಬಾರದು, ಮೈಕು ಹಿಡಿದು ನಡೆದದ್ದನ್ನು ನಡೆದ ಹಾಗೆಯೇ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ಪಕ್ಕದಲ್ಲಿ ನಿಂತಿದ್ದ ಶೆಟ್ಟರು ನನ್ನ ತೋಳನ್ನು ಗಟ್ಟಿಯಾಗಿ ಅಮುಕಿ, ತುಟಿ ಅಲುಗದಂತೆ ಕಿವಿಯಲ್ಲಿ ಹೇಳಿದರು: "ಸುಮ್ಮನಿರಿ ಮಾರಾಯ್ರೆ. ಮಳೆಗಾಲ ಇಡೀ ನಿಮಗೆ ನಾವು ಹೇಳಿದ್ದು ಅದೊಂದೇ."

ಸುಮ್ಮನಾದೆ. ಅಧ್ಯಕ್ಷರು ದಪ್ಪನೆಯ ಉಣ್ಣೆಯ ಶಾಲು ಹೊದಿಸಿ, ತಲೆಗೆ ಮೈಸೂರು ಪೇಟ ಇಟ್ಟು, ಫೋಟೋದವನು ಬರುವವರೆಗೆ ತೆಗೆಯಬೇಡಿ ಎಂದರು. ಫೋಟೋದವನು ವಡಾಪಾವ್ ತಿನ್ನಲು ಹೋಗಿದ್ದ. ಆ ದಿನ ಅಂಕಣದಲ್ಲಿ ಎಲ್ಲರಿಗಿಂತ ಹೆಚ್ಚು ಬೆವರಿದವನು ನಾನೇ.