ಅಧಿಕ ಮಾಸದಲ್ಲಿ ಅಜ್ಜಿ ಯಾರ ಪಾಲಿಗೆ

ಮುದುಕರನ್ನು ಊಟವಾಯಿತೇ ಎಂದು ಕೇಳಿದರೆ ಆಯಿತು ಎನ್ನುತ್ತಾರೆ, ಕೇಳಿದವರು ನಂಬುತ್ತಾರೆ. ಎಲ್ಲ ಊರಲ್ಲೂ ನಡೆಯುತ್ತ ಬಂದಿರುವ ವ್ಯವಹಾರವಿದು. ನಾನೀಗ ಇರುವ ಜಬಲಪುರದಲ್ಲೂ ನಡೆಯುತ್ತದೆ. ಎದುರುಮನೆಯ ಮುದುಕರು ಎರಡು ದಿನ ಬರೀ ಚಹಾದ ಮೇಲೆ ಇದ್ದರೆಂಬುದು, ಮೂರನೆಯ ದಿನ ಅವರು ಮೆಟ್ಟಿಲ ಮೇಲೆ ಕುಸಿದಾಗ ಗೊತ್ತಾಯಿತು. ಎಲ್ಲರಿಗೂ ಆಶ್ಚರ್ಯ. ನನಗೆ ಆಗಲಿಲ್ಲ. ನಾನು ಸವದತ್ತಿಯಲ್ಲಿ ಹುಟ್ಟಿ, ನನ್ನ ಅಜ್ಜಿಯನ್ನು ನೋಡಿ ಬೆಳೆದವಳು.

ಅಜ್ಜಿ ಎಂದರೆ ಅಪ್ಪನ ತಾಯಿ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, ನನಗೆ ಹತ್ತೋ ಹನ್ನೊಂದೋ ಆಗಿದ್ದಾಗ, ಅಪ್ಪ ಮತ್ತು ಅವನ ತಮ್ಮ, ನಮ್ಮ ಕಾಕಾ, ಬೇರೆಯಾದರು. ತಲಬಾಗಿಲು ಒಂದೇ, ಒಲೆ ಎರಡು. ಹೊಲ, ಆಕಳು, ಹಿತ್ತಾಳೆ ಸಾಮಾನು ಹಂಚಿದ ಊರ ನಾಲ್ಕು ಮಂದಿ ಹಿರಿಯರು ಕಡೆಗೆ ಅಜ್ಜಿಯ ಊಟವನ್ನೂ ಹಂಚಿದರು. ಚೈತ್ರ ನಮ್ಮದು, ವೈಶಾಖ ಕಾಕಾನದು, ಜ್ಯೇಷ್ಠ ನಮ್ಮದು, ಆಷಾಢ ಅವನದು, ಹೀಗೆ ಒಂದು ಬಿಟ್ಟು ಒಂದು ತಿಂಗಳು. ಮೂಲೆಯಲ್ಲಿ ಕುಳಿತು ಕೇಳುತ್ತಿದ್ದ ಅಜ್ಜಿಯನ್ನು ಹಿರಿಯರು, "ನಿಮಗೇನರ ಹೇಳೋದು ಅದ ಏನ್ರಿ?" ಎಂದು ಕೇಳಿದರು.

"ನೀರಿನ ಹಂಡೆ ಯಾರಿಗೆ ಹೋತು?" ಎಂದಳು ಅಜ್ಜಿ. "ಅದರ ಗತಿ ನೋಡ್ರಿ. ಅದು ಸೋರ್ತದ."

೧. ಕರುವಿನ ಮೈ

ಅದು ರೇಶನ್ ಕಾಲ. ಅಕ್ಕಿ ಒಂದು ಹಿಡಿ ಬಂದರೆ ಅದು ಮಕ್ಕಳಿಗೆ. ದೊಡ್ಡವರಿಗೆ ಪರದೇಶದ ಕೆಂಪು ಜೋಳದ ಭಕ್ಕರಿ. ಬೆಳಿಗ್ಗೆ ಬಡಿದದ್ದು ಮಧ್ಯಾಹ್ನಕ್ಕೆ ಹಲಗೆಯಾಗುತ್ತಿತ್ತು. ಅಜ್ಜಿಯ ಬಾಯಲ್ಲಿ ಉಳಿದದ್ದು ಎರಡೇ ಹಲ್ಲು, ಅವೂ ಒಂದಕ್ಕೊಂದು ಎದುರಾಗಿರಲಿಲ್ಲ. ಭಕ್ಕರಿ ಅಗಿಯಲಿಕ್ಕೆ ಆಗುವುದಿಲ್ಲ ಎಂದರೆ ಅನ್ನ ಕೇಳಿದಂತೆ. ಮೊಮ್ಮಕ್ಕಳ ಅನ್ನ ಕೇಳುವವಳು ಅವಳಲ್ಲ.

ಅಜ್ಜಿ ಮಡಿಯವಳು, ಎಲ್ಲರ ಊಟವಾದ ಮೇಲೆ ಹಿತ್ತಲ ಕಡೆಯ ಕೋಣೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದಳು. ತಾಟು ಬರಿದಾಗಿ ಹೊರಗೆ ಬರುತ್ತಿತ್ತು. "ಅತ್ಯಾ ದಿನಾ ಎರಡು ಭಕ್ಕರಿ ಉಣ್ತಾರ" ಎಂದು ಅವ್ವ ಓಣಿಯಲ್ಲೆಲ್ಲ ಹೇಳಿಕೊಂಡಳು. ಆದರೂ ಅಜ್ಜಿಯ ತೋಳು ಒಣಗುತ್ತ ಹೋಯಿತು. ಕಡೆಗೆ ಅಪ್ಪ ವೈದ್ಯರನ್ನು ಕರೆತಂದ. ಅವರು ನಾಡಿ ನೋಡಿದರು, ನಾಲಿಗೆ ನೋಡಿದರು, ಕೈ ತೊಳೆಯಲು ಹಿತ್ತಲಿಗೆ ಹೋದವರು ನಮ್ಮ ಆಕಳ ಕರುವಿನ ಮುಂದೆ ನಿಂತುಬಿಟ್ಟರು. ಅದರ ಬೆನ್ನು ಮಿಂಚುತ್ತಿತ್ತು. ಬಾಯಿಂದ ಕೆಂಪು ಭಕ್ಕರಿಯ ಒಂದು ತುಂಡು ಜೋತುಬಿದ್ದಿತ್ತು.

"ವೈನಿ, ಈ ಕರಕ್ಕ ಏನ್ ಹಾಕ್ತೀರಿ?"

ಅವ್ವ ಕರುವನ್ನು ನೋಡಿದಳು, ಅಜ್ಜಿಯ ಕೋಣೆಯ ಕಿಟಕಿಯನ್ನು ನೋಡಿದಳು.

"ಏನರ ಇರ್ಲಿ," ಎಂದರು ವೈದ್ಯರು, "ಔಷಧ ಬ್ಯಾಡ. ಇದಕ್ಕ ಹಾಕೋದನ್ನ ನಿಮ್ಮ ಅತ್ತಿಯವರಿಗೂ ಹಾಕ್ರಿ."

೨. ಉಪವಾಸಕ್ಕಾಗಿ ಕಾದದ್ದು

ಅಂದಿನಿಂದ ಅವ್ವ ಭಕ್ಕರಿಯನ್ನು ಹಾಲಿನಲ್ಲಿ ನೆನೆಸಿ ಕೊಡತೊಡಗಿದಳು. ಅಜ್ಜಿ ಬೇರೆ ದಾರಿ ಹುಡುಕಿದಳು. ಸೋಮವಾರ ಈಶ್ವರನಿಗೆ, ಗುರುವಾರ ರಾಯರಿಗೆ, ಶನಿವಾರ ಹನುಮಪ್ಪನಿಗೆ ಉಪವಾಸ ಹಿಡಿದಳು. ಮೇಲೆ ಸಂಕಷ್ಟಿ, ಏಕಾದಶಿ. ತಿಂಗಳು ಅರ್ಧಕ್ಕರ್ಧ ದೇವರ ಪಾಲಾಯಿತು. ದೇವರ ಹೆಸರು ಹೇಳಿದವಳಿಗೆ ಒತ್ತಾಯ ಮಾಡುವಂತಿರಲಿಲ್ಲ.

ಅಪ್ಪ ಮತ್ತೆ ವೈದ್ಯರ ಹತ್ತಿರ ಹೋದ. ವೈದ್ಯರು ತಲೆ ಕೆರೆದುಕೊಂಡು, "ಉಪವಾಸದ ದಿನ ಶೇಂಗಾ ನಡೀತದ ಹೌದಲ್ಲೋ? ಹಾಲು ನಡೀತದ? ಬಾಳೆಹಣ್ಣು ನಡೀತದ? ಹಂಗಾರ ಯಾಕ ಅಳ್ತಿ?" ಎಂದರು.

ಅವ್ವ ಶೇಂಗಾ ಹುರಿದು, ಹಲ್ಲು ಬೇಡದಂತೆ ನುಣ್ಣಗೆ ಕುಟ್ಟಿ, ಬೆಲ್ಲ ಹಾಕಿ ಉಂಡಿ ಕಟ್ಟಿದಳು. ದೇವರಿಗೆ ನೈವೇದ್ಯ ತೋರಿಸಿ ಅಜ್ಜಿಯ ಮುಂದಿಟ್ಟು, "ಅತ್ಯಾ, ಪ್ರಸಾದ. ಬಿಡೋಹಂಗಿಲ್ಲ" ಎಂದಳು. ಅಜ್ಜಿ ಸಿಕ್ಕಿಬಿದ್ದಳು. ಮೊದಲು ಒಂದು, ಆಮೇಲೆ ಎರಡು, ಜೊತೆಗೆ ಒಂದು ತಂಬಿಗೆ ಹಾಲು. ಉಣ್ಣುವ ದಿನ ಮಾತ್ರ ನಾಲ್ಕು ತುತ್ತಿಗೆ ಕೈ ತೊಳೆಯುವುದು ಹಾಗೇ ಉಳಿಯಿತು.

ಒಂದು ಮಂಗಳವಾರ ಅಜ್ಜಿಗೆ ತಲೆ ತಿರುಗಿತು. ಕೈ ಹಿಡಿದು ಒಳಗೆ ಕೂರಿಸಿದ ಅಪ್ಪ ಪಂಚಾಂಗ ತೆರೆದು ನೋಡಿ, ಮುಖ ಸಣ್ಣದು ಮಾಡಿಕೊಂಡು ಅವ್ವನಿಗೆ ಹೇಳಿದ: "ಮುಂದಿನ ಉಪವಾಸಕ್ಕ ಇನ್ನೂ ಎರಡು ದಿನ ಅದ. ಅಲ್ಲೀತನಕಾ ಈಕಿ ಊಟದ ಮ್ಯಾಲೆ ಹೆಂಗ ಬದಕ್ತಾಳ?"

೩. ಯಾರದೂ ಅಲ್ಲದ ತಿಂಗಳು

ಮರುವರ್ಷ ಜ್ಯೇಷ್ಠ ಮುಗಿಯಿತು. ನಮ್ಮ ಪಾಳಿ ಮುಗಿದು ಅಜ್ಜಿ ಕಾಕಾನ ಒಲೆಗೆ ಹೋಗಬೇಕು. ಆದರೆ ಆ ವರ್ಷ ಅಧಿಕ ಆಷಾಢ ಬಂದಿತ್ತು. ಮೂರು ವರ್ಷಕ್ಕೊಮ್ಮೆ ತಿಂಗಳೊಂದು ಹೆಚ್ಚಿಗೆ ಬರುತ್ತದೆ ಎಂಬುದು ಪಾಲು ಮಾಡಿದ ಹಿರಿಯರಿಗೆ ಹೊಳೆದಿರಲಿಲ್ಲ. ನಾಲ್ಕೂ ಮಂದಿ ದಿನಾ ಪಂಚಾಂಗ ಓದುವವರು.

"ನಮ್ಮ ಪಾಲಿಗೆ ಬಂದದ್ದು ಆಷಾಢ, ಖರೇ. ಇದು ಅಧಿಕ. ನಿಜ ಆಷಾಢ ಬರ್ಲಿ," ಎಂದಳು ಕಾಕಾನ ಹೆಂಡತಿ ಕಾಕು.

"ನಮ್ಮದು ಜ್ಯೇಷ್ಠಕ್ಕ ಮುಗೀತು," ಎಂದಳು ಅವ್ವ.

ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ಒಂದು ತೀರ್ಮಾನವಾದರೂ ಆಗುತ್ತಿತ್ತು. ಇಬ್ಬರೂ ಮರ್ಯಾದಸ್ಥರು. ದಿನಾ ಅವ್ವ ಕೇಳುತ್ತಿದ್ದಳು, "ಅತ್ಯಾ, ಊಟಾ ಆತ್ರಿ?" ಅಜ್ಜಿ, "ಆ ಕಡೆ ಆತು." ಕಾಕು ಕೇಳುತ್ತಿದ್ದಳು. ಅಜ್ಜಿ, "ಈ ಕಡೆ ಆತು." ಎರಡೂ ಒಲೆಯವರು ಸಮಾಧಾನದಿಂದ ಉಂಡರು. ನಾನೂ ಉಂಡೆ. ಅಜ್ಜಿ ಹನ್ನೊಂದು ದಿನ ಮಜ್ಜಿಗೆ ಮತ್ತು ದೇವರ ಮುಂದಿನ ಬೆಲ್ಲದ ಚೂರಿನ ಮೇಲೆ ಇದ್ದಳು.

ಹನ್ನೆರಡನೆಯ ದಿನ ಕಾಕಾನ ಅಳಿಯ ಬಂದ. ಬೈಲಹೊಂಗಲದ ಹತ್ತಿ ಕಾರಖಾನೆಯೊಂದರಲ್ಲಿ ಗುಮಾಸ್ತ. ಮಳೆಗಾಲದಲ್ಲಿ ಅಲ್ಲಿ ಕೆಲಸವಿರುತ್ತಿರಲಿಲ್ಲ. ಅಧಿಕ ಮಾಸದಲ್ಲಿ ಅಳಿಯನೆಂದರೆ ನಾರಾಯಣ. ಅವನಿಗೆ ಮೂವತ್ತಮೂರು ಅನಾರಸ, ಅಂದರೆ ಅಕ್ಕಿಯ ಕಜ್ಜಾಯ, ಕೊಡಬೇಕು. ವರ್ಷವೆಲ್ಲ ಕಾಣದ ಅಕ್ಕಿ ಎಲ್ಲಿಂದಲೋ ಹೊರಬಂದು, ಹಿಟ್ಟಾಗಿ, ಬೆಲ್ಲ ಸೇರಿ, ತುಪ್ಪದಲ್ಲಿ ಕರಿದು ತಾಟು ತುಂಬಿತು. ಅಳಿಯ ತಾಟು ಹಿಡಿದು ಮೊದಲು ಅಜ್ಜಿಗೆ ನಮಸ್ಕಾರ ಮಾಡಲು ಹೋದ. ಆಶೀರ್ವಾದ ಮಾಡಲು ಅಜ್ಜಿ ಗೋಡೆ ಹಿಡಿದು ಎದ್ದು ಕುಳಿತಳು.

"ಅಜ್ಜಿ, ಈ ತಿಂಗಳ ಯಾರ ಮನ್ಯಾಗ ಊಟಾ?"

"ಇದು ದೇವರ ತಿಂಗಳಪ್ಪಾ. ದೇವರ ಮನ್ಯಾಗ."

"ಇವತ್ತ ಏನ್ ಅಡಗಿ ಮಾಡ್ಯಾನ ದೇವರು?"

ಅಜ್ಜಿ ಸ್ವಲ್ಪ ಯೋಚಿಸಿ, "ಅಂವಾ ಮಾಡ್ಲಿಕ್ಕೇ ಹೋಗಿಲ್ಲ" ಎಂದಳು.

ಅಳಿಯ ನಗಲಿಲ್ಲ. ನಮ್ಮ ಅಡಿಗೆಮನೆಗೆ ಬಂದು, ಅಜ್ಜಿ ಇವತ್ತು ಏನು ಉಂಡಳು ಎಂದು ಕೇಳಿದ. ಆ ಕಡೆ ಉಂಡಾರ ಎಂದಳು ಅವ್ವ. ತಿರುಗಿ ಕಾಕುವನ್ನು ಕೇಳಿದ. ಈ ಕಡೆ ಉಂಡಾರ ಎಂದಳು ಕಾಕು. ಅವನು ತಾಟನ್ನು ನಡುಮನೆಯಲ್ಲಿ ಇಟ್ಟು ಹೊರಗೆ ಕಟ್ಟೆಯ ಮೇಲೆ ಕುಳಿತ.

೪. ನಾರಾಯಣನ ಹಟ

"ಅಜ್ಜಿ ಉಂಡು ಕೈ ತೊಳೆದ ಮ್ಯಾಲೆ ನಾ ಎಲಿಗೆ ಕೂಡ್ತೀನಿ," ಎಂದ ಅಳಿಯ.

ಆ ತಿಂಗಳು ಅಳಿಯನನ್ನು ಉಪವಾಸ ಕೆಡವಿದರೆ ಮನೆತನಕ್ಕೇ ಕೇಡು. ಅಳಿಯ ಉಣ್ಣದೆ ಕಾಕಾ ಉಣ್ಣುವಂತಿಲ್ಲ, ಕಾಕಾ ಉಣ್ಣದೆ ಹೆಂಗಸರು ಉಣ್ಣುವಂತಿಲ್ಲ. ಮೆತ್ತಗೆ ಅನ್ನ ಮಾಡಿ, ತುಪ್ಪ ಹಾಕಿ, ಅಜ್ಜಿಯ ಕೋಣೆಯಲ್ಲಿ ಇಟ್ಟರು. ಅಜ್ಜಿ ಎರಡು ಹಲ್ಲಿನ ಮೇಲೆ ಒಂದೊಂದು ತುತ್ತನ್ನೂ ಅತ್ತ ಇತ್ತ ಹೊರಳಿಸುತ್ತ ಉಣ್ಣತೊಡಗಿದಳು. ಒಂದೂವರೆ ತಾಸಾಯಿತು. ಕಾಕಾ ಬಾಗಿಲ ಹೊರಗೆ ಹೊಟ್ಟೆ ಒತ್ತಿಕೊಂಡು ನಿಂತಿದ್ದ. ಅರ್ಧ ಅನ್ನ ಉಳಿದಿರುವಾಗಲೇ ಅಜ್ಜಿ ಸಾಕೆಂದಾಗ, ಅಳಿಯ ಕಟ್ಟೆಯಿಂದ, "ಸಾಕಾದ್ರ ನನಗೂ ಸಾಕು" ಎಂದ.

ತಾಯಿ ಉಂಡಳೋ ಬಿಟ್ಟಳೋ ಎಂದು ಹನ್ನೊಂದು ದಿನ ಕೇಳದ ಕಾಕಾ ಹೊಸ್ತಿಲ ಹೊರಗೇ ಕೈ ಜೋಡಿಸಿದ. "ಅವ್ವಾ, ನಿನ್ನ ಕಾಲು ಬೀಳ್ತೀನಿ, ಇನ್ನೊಂದೀಟು ಉಣ್ಣ. ನನಗ ಹಸಿವ್ಯಾಗೇದ."

ಒಂದು ದಿನಕ್ಕೆಂದು ಬಂದ ಅಳಿಯ ತಿಂಗಳು ಮುಗಿಯುವ ತನಕ ಹೋಗಲಿಲ್ಲ. ನಾರಾಯಣನಿಗೆ ಹೋಗು ಎನ್ನುವವರು ಯಾರು? ದಿನಾ ಅವನಿಗೆ ಎರಡು ಪಲ್ಯ, ಸಿಹಿ. ದಿನಾ ಅವನಿಗಿಂತ ಮೊದಲು ಅಜ್ಜಿಗೆ ಅನ್ನ. ಅಜ್ಜಿಯ ಕೆನ್ನೆ ತುಂಬಿತು. ಕಾಕುವಿನ ಡಬ್ಬಿಗಳು ಬರಿದಾದವು. ಅಮಾವಾಸ್ಯೆಯ ಮುನ್ನಾದಿನ ಕಾಕು ನಮ್ಮ ಅಡಿಗೆಮನೆಗೆ ಬಂದು ಅವ್ವನ ಮುಂದೆ ಕುಸಿದು ಕುಳಿತಳು.

"ಅಕ್ಕಾ, ಅತ್ಯಾ ಹನ್ನೆರಡೂ ತಿಂಗಳ ನಮ್ಮಲ್ಲೇ ಇರ್ಲಿ. ಬೇಕಾದ್ರ ಹದಿಮೂರು. ಈ ಅಳಿಯಂದಿರನ್ನ ಮಾತ್ರ ಬೈಲಹೊಂಗಲದ ಮೋಟಾರಕ್ಕ ಹತ್ತಿಸ್ರಿ."

ಅವ್ವ ಒಪ್ಪಲಿಲ್ಲ. ಮುದುಕಿಯನ್ನು ಪೂರ್ತಿ ಬಿಟ್ಟುಕೊಟ್ಟರೆ ಊರು ಏನಂದೀತು? ಕಡೆಗೆ ದಿನಾ ಎರಡೂ ಒಲೆಯಿಂದ ಅಜ್ಜಿಗೆ ಒಂದೊಂದು ಬಟ್ಟಲು ಮೊದಲು ಹೋಗಬೇಕು, ಆಮೇಲೆ ಉಳಿದವರ ಊಟ ಎಂದಾಯಿತು. ಅಳಿಯ ಹೊರಟ. ಮೋಟಾರು ಹೋದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕರೆದು ಹೇಳಿದಳು, "ನಾ ಸತ್ರ ಅವನಿಗೆ ಹೇಳಿ ಕಳಸಬ್ಯಾಡ್ರಿ. ಮತ್ತ ಹದಿಮೂರು ದಿನಾ ಠಿಕಾಣಿ ಹೂಡ್ತಾನ. ನಿಮ್ಮ ಕಾಕು ತಡ್ಯಾಂಗಿಲ್ಲ."

ಐದು ವರ್ಷದ ಮೇಲೆ ಹೇಳಿ ಕಳಿಸಲೇಬೇಕಾಯಿತು. ಬಂದ, ಹದಿಮೂರೂ ದಿನ ಇದ್ದ. ಎಲೆಗೆ ಕುಳಿತರೆ ತುತ್ತು ಕೈಯಲ್ಲೇ ಉಳಿಯುತ್ತಿತ್ತು. ಕಡೆಯ ದಿನ ಕಾಕು ಅವನೆದುರು ಅನ್ನದ ಬೋಗುಣಿ ಹಿಡಿದು ನಿಂತು, ಸೆರಗಿನಿಂದ ಮೂಗು ಒರೆಸಿಕೊಂಡಳು.

"ಉಣ್ರಿ," ಎಂದಳು, "ನೀವು ಉಂಡ್ರ ನಾವು ಉಣ್ತೀವಿ. ಇದನ್ನ ಕಲಿಸಿದವರು ನೀವೇ. ಒಳಗ ಹತ್ತು ಮಂದಿ ಹಸದು ಕೂತಾರ."