ದಳವಾಯಿಗೆ ಬಾಗಲಾ ತಗೀಬೇಕೋ ಬ್ಯಾಡೋ

ಮಾಸ್ತರ: ನನ್ನ ನಾಯಕಿ ಇಂಥಾ ಮಾತು ಆಡಾಂಗಿಲ್ಲ. ಯುನೂಸ್, ಯಾರ ಬರದ್ರು ಇದನ್ನ?

ನಾನು: ನಾನ ರೀ. ನೀವು ಹೇಳಿದ್ದನ್ನ ಟೈಪ್ ಮಾಡೇನಿ.

ಮಾಸ್ತರ: ಹನ್ನೆರಡು ವರ್ಷ ಯುದ್ಧ ಮಾಡಿ ದಳವಾಯಿ ಸಮರಸಿಂಹ ಕೋಟೆ ಬಾಗಲಕ್ಕ ಬಂದಾನ. ‘ಪ್ರಿಯೇ, ನಿನ್ನ ಒಂದು ನೋಟಕ್ಕಾಗಿ ಪ್ರಾಣ ಹಿಡಿದಿದ್ದೆ’ ಅಂತಾನ. ಅದಕ್ಕ ಚಂದ್ರಲೇಖೆ ‘ಚಾ ಆರಾಕತ್ತೇತಿ, ಕುಡೀತೀರೋ ಇಲ್ಲೋ’ ಅಂತ ನಾನು ಹೇಳಿದ್ನೇನು?

ಇದರಾಗ ನನ್ನ ತಪ್ಪು ಎಷ್ಟು ಅನ್ನೂದನ್ನ ನೀವ ಹೇಳ್ರಿ. ಅಣ್ಣಿಗೇರಿ ಬಸ್‌ಸ್ಟ್ಯಾಂಡ್ ಬಾಜು ನಂದು ಟೈಪಿಂಗ್ ಅಂಗಡಿ. ಲಗ್ನಪತ್ರ, ಅರ್ಜಿ, ಬ್ಯಾನರ್ ಮಾಡಾಂವ ನಾನು. ಶಲವಡಿ ಊರಿನ ಶಿದ್ಲಿಂಗಪ್ಪ ಮಾಸ್ತರು ರಿಟೈರ್ ಆದ ಮ್ಯಾಲೆ ಪ್ರೀತಿ, ನಿಷ್ಠೆ, ಯುದ್ಧ ಅಂತ ನಾನೂರು ಪುಟದ ಕಾದಂಬರಿ ಬರದ್ರು. ಅವರ ಅಕ್ಷರ ಅವರಿಗೇ ಓದಾಕ ಬರೂದಿಲ್ಲ. ಹಿಂಗಾಗಿ ನಾನು ಅವರ ಮನಿಗೇ ಲ್ಯಾಪ್‌ಟಾಪ್ ಒಯ್ಯೂದು, ಅವರು ಪಡಸಾಲ್ಯಾಗ ಅಡ್ಡಾಡಕೋತ ಹೇಳೂದು. ನಾನು ತಲಿ ಎತ್ತೂದಿಲ್ಲ. ಕಿವಿಗೆ ಬಿದ್ದದ್ದು ಬೆರಳಿಗೆ ಇಳೀತೈತಿ. ದಳವಾಯಿ ಮಾತು ಮುಗಿಸಿ ನಾಯಕಿ ಏನನ್ನಬೇಕು ಅಂತ ಮಾಸ್ತರು ಇಚಾರ ಮಾಡ್ಕೋತ ನಿಂತಾಗ, ಒಳಗ ಜ್ವಾಳಾ ಹಸನ ಮಾಡಾಕತ್ತಿದ್ದ ಅವರ ಹೆಂಡ್ತಿ ಸುಮಂಗಲಕ್ಕ ಮಾತಾಡ್ತಿದ್ರು. ಹೆಣ್ಣಿನ ದನಿ ಕೇಳ್ತು, ನಾಯಕಿ ಮಾತು ಅಂತ ತಿಳದು ಟೈಪ್ ಹೊಡದೆ.

ಐತವಾರ ಪುಸ್ತಕದ ಬಿಡುಗಡಿ. ಇವತ್ತ ಸಂಜೀಕ ಕಡೀ ಅಧ್ಯಾಯ ಪ್ರೆಸ್ಸಿಗೆ ಮುಟ್ಟಲಿಲ್ಲಂದ್ರ ಪುಸ್ತಕಾನ ಇಲ್ಲ. ಮಾಸ್ತರಿಗೆ ಬೆವರು ಕಿತ್ತಿತ್ತು. ಒಂದೊಂದ ಸಾಲಿನ ಮ್ಯಾಲೆ ಬೆರಳಿಟ್ಟು ಇದನ್ನ ಅಳಸು, ಅದನ್ನ ಅಳಸು ಅನ್ನಾಕತ್ರು. ‘ಚಪ್ಲಿ ಹೊರಗ ಬಿಡ್ರಿ, ಈಗರ ಒರಸೇನಿ’ ಅಂತ ಚಂದ್ರಲೇಖೆ ದಳವಾಯಿಗೆ ಗದರಿಸಿದ್ದು ಹೋತು. ಮುಂದಿನ ಸಾಲಿಗೆ ಬಂದು ಮಾಸ್ತರು ಬೆರಳು ಹಿಂದಕ್ಕ ತಗೊಂಡ್ರು. ಸುಮಂಗಲಕ್ಕ ಜ್ವಾಳದ ಮೊರ ಕೆಳಗಿಟ್ಟು ಬಂದು, ಕಣ್ಣಿಗೆ ಹೊಸಾ ಚಾಳೀಸು ಏರಿಸ್ಕೊಂಡು ಆ ಸಾಲು ತಾವೂ ಓದಿದ್ರು.

‘ಹನ್ನೆರಡು ವರ್ಷದ ಮಾತು ಬಿಡ್ರಿ. ಹುಬ್ಬಳ್ಳ್ಯಾಗ ನನ್ನ ಕಣ್ಣಿನ ಆಪರೇಶನ್ ಆದ ದಿನ ಬಾ ಅಂದ್ರ, ಯುದ್ಧ ನಡದೇತಿ, ನಡುವ ಬಿಟ್ಟು ಹೆಂಗ ಬರ್ಲಿ ಅಂದ್ರಿ. ಪಟ್ಟಿ ಬಿಚ್ಚಿದಾಗ ನಾನು ಮೊದಲು ಕಂಡದ್ದು ದವಾಖಾನಿ ಆಯಾನ ಮಾರಿ.’

ಇದು ಹೋದ ತಿಂಗಳ ಮಾತು. ಅವತ್ತ ನಾನೂ ಇದ್ದೆ ಈ ಪಡಸಾಲ್ಯಾಗ. ಮಾಸ್ತರು ಹದಿನೆಂಟನೇ ಅಧ್ಯಾಯದಾಗ ದಳವಾಯೀನ್ನ ಹೆಂಡ್ತಿ ಮಾರಿ ನೋಡಾಕಂತ ತುಂಬಿದ ಹೊಳಿ ಈಸಿಸಾಕತ್ತಿದ್ರು. ಶಲವಡಿಯಿಂದ ಹುಬ್ಬಳ್ಳಿಗೆ ಹೊಳಿಯಂತೂ ಇಲ್ಲ, ಬಸ್ ಐತಿ.

ಸುಮಂಗಲಕ್ಕ: ಯುನೂಸ್, ಇದನ್ನೂ ಅಳಸು.

ಮಾಸ್ತರ: ಬ್ಯಾಡ. ಇರ್ಲಿ.

ಸುಮಂಗಲಕ್ಕ: ಏನ್ ಇರ್ಲಿ? ಕಣ್ಣ ಆಪರೇಶನ್ ಯಾರಿಗೆ ಆತು, ಯಾರು ಬರಲಿಲ್ಲ ಅನ್ನೂದು ಊರಿಗೆಲ್ಲಾ ಗೊತ್ತೈತಿ. ಐತವಾರ ಶಾಲು ಹೊಚ್ಚಿಸ್ಕೊಂಡು ಕೂತ ನನ್ನ ಗಂಡನ್ನ ನೋಡಿ ಮಂದಿ ನಗೂದು ನನಗ ಬ್ಯಾಡ. ಬೈಯೂದಿದ್ರ ನಾ ಮನ್ಯಾಗ ಬೈತೀನಿ.

ಮಾಸ್ತರ: ನಾನೂರು ಪುಟದಾಗ ಖರೇ ಮಾತು ಅಂದ್ರ ಇದೊಂದ.

ನಾನು: ಅಳಸ್ಲೋ, ಇಡ್ಲೋ? ಪ್ರೆಸ್ಸಿನಾಂವ ಎರಡ ಸಲ ಫೋನ್ ಮಾಡ್ಯಾನ.

ಅಷ್ಟೊತ್ತನಕ ಅಳಸು ಅಂದಾಂವ ಇಡು ಅನ್ನಾಕತ್ತಿದ್ದ, ಆಡಿದಾಕಿ ಅಳಸು ಅನ್ನಾಕತ್ತಿದ್ಲು. ನಾನೂರು ಪುಟ ಟೈಪ್ ಮಾಡಿದ್ರೂ ನಿಷ್ಠೆ ಅಂದ್ರೇನು ಅನ್ನೂದು ನನ್ನ ತಲಿಗೆ ಹೋಗಿರಲಿಲ್ಲ, ಈಗ ಹೋತು. ಕಡೀಕ ಮಾಸ್ತರು, ದಳವಾಯಿ ಕಾಲಕ್ಕ ಆಪರೇಶನ್ ಇರಲಿಲ್ಲ, ಹುಬ್ಬಳ್ಳೀದೂ ಆಯಾಂದೂ ಹೆಸರು ತಗದು ‘ಕಣ್ಣಿನ ಬ್ಯಾನಿ’ ಅಂತಷ್ಟ ಮಾಡು ಅಂದ್ರು. ಸುಮಂಗಲಕ್ಕ ಚಾಳೀಸು ತಗದು ಸೆರಗಿಲೆ ಒರಸಾಕತ್ರು.

ಮಾಸ್ತರ: ಕೆಳಗ ಬರಿ. ಸಮರಸಿಂಹ ತಲಿ ತಗ್ಗಿಸಿ ಅಂದ: ತಪ್ಪಾತು. ಬರಬೇಕಾಗಿತ್ತು.

ಹೊಳಿ ಈಸುಮುಂದ, ತಲಿ ಕಡಿಯುಮುಂದ ಗ್ರಂಥದ ಮಾತ ಆಡಿದ ದಳವಾಯಿ ಇದೊಂದನ್ನ ಮನೀ ಮಾತಿನಾಗ ಆಡಿದ. ನಾನು ತಿದ್ದಲಿಲ್ಲ.

ಸುಮಂಗಲಕ್ಕ: ಯಾರಂದ್ರು ಈಗ? ನಿಮ್ಮ ದಳವಾಯೀನೋ, ನೀವೋ?

ಮಾಸ್ತರು ಕಿಟಕಿ ಕಡೆ ಮಾರಿ ಮಾಡಿದ್ರು.

ಮಾಸ್ತರ: ದಳವಾಯಿ ಅಂದ ಅಂತ ತಿಳಕೋ.

ಸುಮಂಗಲಕ್ಕ: ಹಂಗಾದ್ರ ಯುನೂಸ್, ಚಂದ್ರಲೇಖೆ ಅಂವಂಗ ಬಾಗಲಾ ತಗದು, ಕಾಲಿಗೆ ನೀರು ಕೊಟ್ಟು, ಬಿಸಿ ರೊಟ್ಟಿ ಬಡದು ಹಾಕಿದ್ಲು ಅಂತ ಬರಿ. ಈ ಮನ್ಯಾಗಿನವರು ತಂಗಳ ರೊಟ್ಟಿ ತಾವ ಬಡಿಸ್ಕೊಂಡು ಉಣ್ಲಿ. ಅವರಿನ್ನೂ ಏನೂ ಅಂದಿಲ್ಲ.