ಬೀಗರ ಕುಂಯ್‌ಕೋಲು

ನಮ್ಮ ಬೀಗರಾದ ರಾಮಮೋಹನ್ ರಾವ್ ಅವರನ್ನು ನಾನು ಮೊದಲ ಸಲ ನೋಡಿದ್ದು ವಿಜಯವಾಡದ ಕಲ್ಯಾಣ ಮಂಟಪದಲ್ಲಿ, ನನ್ನ ಮಗನ ಮದುವೆಯ ದಿನ. ಆಗ ಅವರ ಬಲಗೈ ಮೊಣಕೈವರೆಗೆ ಬಿಂದಿಗೆಯ ಒಳಗಿತ್ತು.

ಹೆಣ್ಣು ಗಂಡು ಸೇರಿ ಬಿಂದಿಗೆಯ ನೀರಿನಲ್ಲಿ ಉಂಗುರ ಹುಡುಕುವ ಶಾಸ್ತ್ರ ನಡೆಯುತ್ತಿತ್ತು. ನನ್ನ ಮಗ ದಿನೇಶ ಸುಮ್ಮನೆ ನೀರು ಕಲಕುತ್ತಿದ್ದ, ಸೊಸೆ ದುರ್ಗಾಭವಾನಿ ನಗುತ್ತಿದ್ದಳು. ಉಂಗುರ ಸಿಗಲಿ ಎಂಬ ಆತುರ ಇಬ್ಬರಿಗೂ ಇರಲಿಲ್ಲ (ಕೈಗೆ ಕೈ ತಗುಲುತ್ತಿರುವಾಗ ಆತುರ ಯಾಕಿರುತ್ತದೆ?). ಹೆಣ್ಣಿನ ತಂದೆಗೆ ಇದನ್ನು ನೋಡಿ ತಡೆಯಲಾಗಲಿಲ್ಲ. "ಹುಡುಕೋಕೂ ಒಂದು ಪದ್ಧತಿ ಉಂಟು, ತಳದಿಂದ ಶುರು ಮಾಡಬೇಕು!" ಎಂದು ತೋಳು ಮಡಿಚಿ ಕೈ ಇಳಿಸಿಯೇ ಬಿಟ್ಟರು. ಉಂಗುರವನ್ನು ಮೇಲೆತ್ತಿ ಮಂಟಪಕ್ಕೆಲ್ಲ ತೋರಿಸಿ, "ಇದು ಯಾರದು?" ಎಂದು ಬೇರೆ ಕೇಳಿದರು. ಆ ಶಾಸ್ತ್ರದಲ್ಲಿ ಗೆದ್ದವರ ಮಾತೇ ಮುಂದೆ ಮನೆಯಲ್ಲಿ ನಡೆಯುತ್ತದಂತೆ. ಸುಳ್ಳಲ್ಲ. ಅಂದಿನಿಂದ ನನ್ನ ಮಗನ ಮನೆಯಲ್ಲಿ ನಡೆಯುತ್ತಿರುವುದು ಬೀಗರ ಮಾತೇ.

ದಿನೇಶ ನೌಕಾಪಡೆಯವನು. ಅವನು ಹಡಗಿನಲ್ಲಿದ್ದರೆ ಭೀಮುನಿಪಟ್ಟಣದ ಬಾಡಿಗೆ ಮನೆಯಲ್ಲಿ ನಾನು ಮತ್ತು ಭವಾನಿ ಇಬ್ಬರೇ. ಯಜಮಾನರು ತೀರಿಕೊಂಡ ಮೇಲೆ ನಾನು ಪಾವಗಡ ಬಿಟ್ಟು ಇಲ್ಲಿಗೆ ಬಂದೆ. ಹನಿ ನೀರಿಗೆ ಆಕಾಶ ನೋಡುವ ಸೀಮೆಯಿಂದ ಬಂದವಳನ್ನು ದೇವರು ಸಮುದ್ರದ ಬಾಯಿಗೇ ತಂದು ಕೂರಿಸಿದ. ಜಗಲಿಯ ಮೇಲೆ ನನ್ನದೊಂದು ಮಂಚ, ಎದುರಿಗೆ ಅಷ್ಟು ದೊಡ್ಡ ಗಂಗಮ್ಮ. ಸುಖವಾಗಿದ್ದೆ.

ಈ ಬೇಸಿಗೆಯಲ್ಲಿ ಬೀಗರು ಬಂದರು. ಆಟೋದಿಂದ ಇಳಿದಾಗ ಅವರ ಕಂಕುಳಲ್ಲಿ ಬೆಡ್‌ಶೀಟ್ ಸುತ್ತಿದ ಉದ್ದನೆಯ ಕೋಲಿತ್ತು. ನಾನು ಊರುಗೋಲೆಂದುಕೊಂಡೆ.

"ಅಯ್ಯೋ, ಕಾಲಿಗೇನಾಯ್ತು ಬೀಗರೇ? ಎಲ್ಲಿ ಬಿದ್ರಿ?"

"ಕಾಲು ಭೇಷಾಗಿದೆ ವದಿನಗಾರು!" (ಅತ್ತಿಗೆಯನ್ನು ಅವರ ಕಡೆ ಹಾಗೆ ಕರೆಯುತ್ತಾರೆ. ಗುಂತಕಲ್ಲಿನ ರೈಲ್ವೆಯಲ್ಲಿ ಇದ್ದವರಾದ್ದರಿಂದ ಅವರಿಗೆ ಕನ್ನಡ ಬರುತ್ತದೆ, ಅವರಿಗೆ ಬೇಕಾದ ಹಾಗೆ.) "ಇದು ಚಿನ್ನ ಹುಡುಕೋ ಮೆಷೀನು!"

ಬೆಡ್‌ಶೀಟ್ ಬಿಚ್ಚಿದರು. ಕೋಲಿನ ತುದಿಗೆ ದೋಸೆ ಕಾವಲಿಯಷ್ಟು ಅಗಲದ ತಟ್ಟೆ, ಮೇಲೊಂದು ಹಿಡಿ, ಕಿವಿಗೆ ಸಿಕ್ಕಿಸಿಕೊಳ್ಳುವ ಟೋಪಿಯಂಥದ್ದು. ಲೋಹ ಸಿಕ್ಕರೆ ನಾಯಿಮರಿಯ ಹಾಗೆ 'ಕುಂಯ್' ಅನ್ನುತ್ತದೆ. ನಮ್ಮ ಕಡೆ ಬೋರು ಹಾಕಿಸುವ ಮುಂಚೆ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ಓಡಾಡುವವರನ್ನು ನಾನು ನೋಡಿದ್ದೇನೆ. ಆ ಕಾಯಿಯನ್ನು ಕೊನೆಗೆ ಚಟ್ನಿಗಾದರೂ ಬಳಸಬಹುದು. ಇದನ್ನೇನು ಮಾಡುವುದು?

ಅದೇ ಪ್ರಶ್ನೆಯನ್ನು ವಿಜಯವಾಡದಿಂದ ಬೀಗಿತಿ ಲಕ್ಷ್ಮೀಕಾಂತಮ್ಮನವರೂ ಫೋನಿನಲ್ಲಿ ಕೇಳುತ್ತಿದ್ದರು. (ಅವರ ಫೋನಿಗೆ ಸ್ಪೀಕರ್ ಹಾಕಬೇಕಾಗಿಲ್ಲ.) "ಬೇಸಿಗೆ ಮುಗಿಯೋದರೊಳಗೆ ಸಾಸಿವೆ ಕಾಳಿನಷ್ಟು ಬಂಗಾರ ಸಿಗದೇ ಹೋದರೆ ಆ ಕೋಲನ್ನು ಹಳೇ ಕಬ್ಬಿಣದವನಿಗೆ ಹಾಕ್ತೀನಿ. ಪಕ್ಕದಲ್ಲಿ ನಿಮ್ಮನ್ನೂ ನಿಲ್ಲಿಸ್ತೀನಿ!"

ಬೀಗರು ಎದೆ ಸೆಟೆಸಿ, "ನೋಡ್ತಾ ಇರು!" ಎಂದರು. ಹೇಳಿದ್ದು ಮಾತ್ರ ಫೋನ್ ಇಟ್ಟ ಮೇಲೆ.

ಸರಿ, ಬೆಳಗಿನ ತಂಪಿನಲ್ಲಿ ಬೀಗರು ಮರಳಿನ ಮೇಲೆ ಕೋಲು ತೂಗುತ್ತಾ ಹೊರಟರು. ನನ್ನ ಮಂಚ ಅವರದಾಯಿತು, ಮನೆಯೆಲ್ಲ ಮರಳಾಯಿತು, ಸಾರಿನಲ್ಲೂ ಮರಳು ಕರಕರ ಅಂದಿತು. ಸಿಕ್ಕಿದ್ದೇನು? ಸೋಡಾ ಮುಚ್ಚಳ, ಪಿನ್ನು, ಕೀಲಿ ಇಲ್ಲದ ಬೀಗ. ಕೊನೆಗೊಂದು ದಿನ ಒಡೆದ ದೋಣಿಯ ಹತ್ತಿರ ಮಗುವಿನ ಬೆಳ್ಳಿ ಗೆಜ್ಜೆ ಸಿಕ್ಕಿತು. ಒಂದೇ ಕಾಲಿನದು, ನಡುವೆ ಒಂದು ಗೆಜ್ಜೆಮಣಿ ಉದುರಿಹೋಗಿತ್ತು.

ನಾನು ಹೊಸಿಲಿಗೆ ಅಡ್ಡ ನಿಂತೆ. "ಬೀಗರೇ, ಅದನ್ನು ಒಳಗೆ ತರಬೇಡಿ. ಯಾವ ತಾಯಿ ಯಾವ ಹರಕೆ ಹೊತ್ತು ಇಟ್ಟಳೋ! ಗಂಗಮ್ಮನ ಮಡಿಲಿಗೆ ಹೋದದ್ದು ಗಂಗಮ್ಮನದು. ಅದು ನಮ್ಮ ಹೊಸಿಲು ದಾಟಬಾರದು."

"ಅತ್ತಯ್ಯಾ, ಅದು ಯಾವುದೋ ಮಗು ಕಾಲಿಂದ ಬಿದ್ದಿರುತ್ತೆ" ಎಂದಳು ಭವಾನಿ.

"ಬಿದ್ದರೂ ಅಷ್ಟೇ, ಇಟ್ಟರೂ ಅಷ್ಟೇ. ಯಾರದ್ದೇ ಆಗಲಿ, ನೀರಿನ ಪಾಲಾದ ಮೇಲೆ ಮುಗೀತು ಕಣಮ್ಮ."

ಬೀಗರು, "ನನಗೆ ಬೇಕಾಗಿರೋದು ಬಂಗಾರ. ಬೆಳ್ಳಿ ಕಬ್ಬಿಣ ಎಲ್ಲಾ ನೀವೇ ಗಂಗಮ್ಮನಿಗೆ ಕೊಟ್ಟುಬಿಡಿ" ಎಂದು ಗೆಜ್ಜೆಯನ್ನು ಕೈಗಿತ್ತರು.

ಕೊಡುವುದೆಂದರೆ ದೂರದಿಂದ ಬೀಸಿ ಎಸೆಯುವುದೇ? ನಾನು ಅಂಥವಳಲ್ಲ. ಆ ತಾಯಿ ಹರಕೆ ಇಟ್ಟ ಜಾಗ ಒಂದು, ನಾನು ಹಾಕುವ ಜಾಗ ಇನ್ನೊಂದಾದರೆ ಗಂಗಮ್ಮನಿಗೆ ಗೊಂದಲವಾಗುವುದಿಲ್ಲವೇ? ಅದೃಷ್ಟಕ್ಕೆ ಬೀಗರು ಏನಾದರೂ ಸಿಕ್ಕ ಕಡೆ ಎಳನೀರು ಬುರುಡೆ ಹುಗಿದು ಗುರುತು ಮಾಡುತ್ತಿದ್ದರು. ಸಂಜೆ ನಾನು ಹೋಗಿ, ಬುರುಡೆಯ ಪಕ್ಕದಲ್ಲೇ ಮೊಣಕಾಲೂರಿ, ಒದ್ದೆ ಮರಳನ್ನು ಕೈಯಿಂದ ಬಗೆದು, ಗೆಜ್ಜೆಯನ್ನು ಸ್ವಸ್ಥಾನದಲ್ಲಿ ಪ್ರತಿಷ್ಠಾಪನೆ ಮಾಡಿ, ಅರಿಶಿನ ಕುಂಕುಮ ಉದುರಿಸಿ ಬಂದೆ.

ಮಾರನೆಯ ಬೆಳಗ್ಗೆ ಬೀಗರು ಓಡುತ್ತಾ ಬಂದರು. "ವದಿನಗಾರು! ಅದೇ ಜಾಗದಲ್ಲಿ ಇನ್ನೊಂದು ಗೆಜ್ಜೆ!"

ನೋಡಿದೆ. ಮಣಿ ಉದುರಿದ್ದೂ ಅದೇ ಕಡೆ. ಹೇಳಬೇಕೆಂದು ಬಾಯಿ ತೆರೆದೆ. ಆದರೆ ಅವರ ಮುಖ ಊರಿಗೇ ದೀಪ ಹಚ್ಚುವಷ್ಟು ಬೆಳಗುತ್ತಿತ್ತು. ಬಾಯಿ ಮುಚ್ಚಿದೆ. ಬೆಳ್ಳಿ ಎಂದು ಅವರು ಅದನ್ನೂ ನನ್ನ ಕೈಗೇ ಕೊಟ್ಟರು, ಸಂಜೆ ಮತ್ತೆ ಹೂತೆ. ಬೆಳಗ್ಗೆ ಮತ್ತೆ ಸಿಕ್ಕಿತು. ಹೀಗೇ ನಾನು ಧರ್ಮ ಬಿಡಲಿಲ್ಲ, ಅವರು ಕೋಲು ಬಿಡಲಿಲ್ಲ.

"ಎಲ್ಲಾ ಒಂದೇ ಅಚ್ಚಿನವು" ಎಂದರು ಬೀಗರು, ಗಂಭೀರವಾಗಿ. "ಪ್ರತಿಯೊಂದಕ್ಕೂ ಒಂದು ಮಣಿ ಕಮ್ಮಿ. ಅಂದರೇನು? ಹಿಂದೆ ಭೀಮುನಿಪಟ್ಟಣದಲ್ಲಿ ಡಚ್ಚರಿದ್ದರು. ಅವರ ಗೆಜ್ಜೆ ತುಂಬಿದ ಹಡಗು ಇಲ್ಲೇ ಮುಳುಗಿದೆ! ಮೇಲೆ ಬೆಳ್ಳಿ, ಕೆಳಗೆ ಬಂಗಾರ!"

"ಡಚ್ಚರ ಮಕ್ಕಳು ಗೆಜ್ಜೆ ಹಾಕ್ತಿದ್ರಾ ನಾನ್ನಾ?" ಎಂದಳು ಮಗಳು.

"ಹಾಕ್ತಿರಲಿಲ್ಲ, ಅದಕ್ಕೇ ಹಡಗು ತುಂಬಾ ಉಳಿದಿವೆ!"

ಹಡಗಿನ ಸುದ್ದಿ ವಿಜಯವಾಡ ಮುಟ್ಟಿತು. ಹಳೇ ಕಬ್ಬಿಣದ ಮಾತು ಬಿಟ್ಟು ಲಕ್ಷ್ಮೀಕಾಂತಮ್ಮನವರು ರೈಲು ಹತ್ತಿದರು. ಅದು ಊರೊಳಕ್ಕೆ ಬಾರದ ರೈಲಾದ್ದರಿಂದ ಊರಾಚೆಯ ದುವ್ವಾಡ ಸ್ಟೇಷನ್ನಿನಲ್ಲೇ ಇಳಿದು, ದಾರಿಯುದ್ದಕ್ಕೂ ಆಟೋದವನ ಜೊತೆ ಜಗಳವಾಡಿಕೊಂಡು ಸಂಜೆ ಬಂದು ತಲುಪಿದರು. ಕೈಯಲ್ಲಿ ಎರಡು ಜಾಡಿ. ಒಂದರಲ್ಲಿ ಹೊಸ ಆವಕಾಯಿ ಉಪ್ಪಿನಕಾಯಿ, ಇನ್ನೊಂದು ಖಾಲಿ. ಖಾಲಿ ಜಾಡಿ ಹಡಗಿಗೆ.

ನಾನು ಆಗಷ್ಟೇ ಗೆಜ್ಜೆ ಹೂತು ಬಂದು ಅಕ್ಕಿ ತೊಳೆಯುತ್ತಿದ್ದೆ. ಬೆರಳು ನೋಡಿಕೊಂಡೆ. ಯಜಮಾನರ ಉಂಗುರವಿಲ್ಲ!

ಅವರು ಹೋದ ಮೇಲೆ ನನ್ನ ಕೈಗೆ ಬಂದ ಉಂಗುರ ಅದು. ನನ್ನ ಬೆರಳಿಗೆ ದೊಡ್ಡದೆಂದು ಹಳದಿ ದಾರ ಸುತ್ತಿ ಹಾಕಿಕೊಂಡಿದ್ದೆ. "ಅತ್ತಯ್ಯಾ, ಸಡಿಲ ಇದೆ, ತೆಗೆದಿಡಿ" ಎಂದು ಭವಾನಿ ಎಷ್ಟು ಸಲ ಹೇಳಿದ್ದಳು! "ನನ್ನ ಕೈಯಿಂದ ಇವತ್ತಿನವರೆಗೆ ಒಂದು ಅಕ್ಕಿಕಾಳೂ ಜಾರಿಲ್ಲ" ಎಂದಿದ್ದೆ. ಈಗ ಒದ್ದೆ ಮರಳು ಬಗೆಯುವಾಗ ಜಾರಿದ್ದು ಅಕ್ಕಿಕಾಳಲ್ಲ. ಗಂಗಮ್ಮನದು ಗಂಗಮ್ಮನಿಗೇ ಎಂಬ ನನ್ನ ಉಪನ್ಯಾಸ ಇರಲಿ ಬಿಡಿ, ಅವರ ಉಂಗುರ ನನಗೆ ಬೇಕು!

ಬೆಳಕು ಹರಿಯುವ ಮೊದಲೇ ಓಡಿದೆ. ಅಲೆ ಬಂದು ಬುರುಡೆಯನ್ನೇ ಎತ್ತಿಕೊಂಡು ಹೋಗಿತ್ತು. ಇಲ್ಲಿ ಬಗೆದೆ, ಅಲ್ಲಿ ಬಗೆದೆ, ನಾಯಿಯೊಂದು ಬಂದು ಜೊತೆಗೆ ಬಗೆಯಿತು. ಸಿಗಲಿಲ್ಲ. ಬರಿಗೈಲಿ ಮನೆಗೆ ಬಂದರೆ ಬೀಗಿತಿಯ ಅಪ್ಪಣೆಯಾಗಿತ್ತು: "ದೋಣಿ ಹತ್ತಿರ ಬೆಳ್ಳಿ ಬಿಟ್ಟರೆ ಏನಿಲ್ಲ. ಇವತ್ತು ಲೈಟ್‌ಹೌಸ್ ಕಡೆ ನಡೀರಿ!"

"ಬೇಡ!" ಎಂದೆ. ಎಲ್ಲರೂ ತಿರುಗಿ ನೋಡಿದರು. "ಬೀಗರೇ... ಗಂಗಮ್ಮ ಕನಸಿನಲ್ಲಿ ಬಂದಿದ್ದಳು. ದೋಣಿಯ ಹತ್ತಿರ, ಸ್ವಲ್ಪ ಎಡಕ್ಕೆ ಅಂದಳು."

"ಎಡಕ್ಕಾ?"

"ಎಡಕ್ಕೇ. ತೀರಾ ಆಳ ಇಲ್ಲವಂತೆ."

ಭವಾನಿ ನನ್ನ ಮುಖ ನೋಡಿದಳು, ಆಮೇಲೆ ಉಗುರಿನ ಸಂದಿನ ಮರಳು ನೋಡಿದಳು. ಬೀಗರಂತೂ ಮೆಷೀನಿಗೇ ಕೈ ಮುಗಿದು ಹೊರಟರು. ಹಿಂದೆ ಖಾಲಿ ಜಾಡಿ ಹೊತ್ತ ಬೀಗಿತಿ, ಅವರ ಹಿಂದೆ ಭವಾನಿ, ಕೊನೆಗೆ ಮನಸ್ಸಿನಲ್ಲೇ ಯಜಮಾನರ ಕ್ಷಮೆ ಕೇಳುತ್ತಾ ನಾನು.

ಕೋಲು ತೂಗಿತು. ಸುಮ್ಮನಿತ್ತು. ತೂಗಿತು. ಕುಂಯ್!

ಬೀಗರು ಮೊಣಕಾಲೂರಿ ತೋಳು ಮಡಿಚಿದರು. ಕೈ ಮರಳಿನಲ್ಲಿ ಮುಳುಗಿತು. ಮೇಲೆ ಬಂದಾಗ ಮುಷ್ಟಿಯಲ್ಲಿ ಮಣಿ ಉದುರಿದ ಗೆಜ್ಜೆ ಇತ್ತು, ಅದಕ್ಕೆ ಸಿಕ್ಕಿಕೊಂಡು ನನ್ನ ಉಂಗುರ.

"ಬಂಗಾರಂ!" ಎಂದು ಬೀಗಿತಿ ಕೂಗಿದ್ದಕ್ಕೆ ದೂರದಲ್ಲಿ ಬಲೆ ಎಳೆಯುತ್ತಿದ್ದವರೂ ಕೈಬಿಟ್ಟು ನಿಂತರು. "ನಾನು ಹೇಳಿರಲಿಲ್ವಾ, ನಮ್ಮವರ ಕೈ ಅಂಥದ್ದು!" (ಇಷ್ಟು ವರ್ಷಗಳಲ್ಲಿ ಹೇಳಿದ್ದು ಇದೇ ಮೊದಲು.) ಬೀಗರ ಕಣ್ಣಲ್ಲಿ ನೀರು. ಅವರು ಗೆದ್ದಿದ್ದರು. ಕೋಲು ಉಳಿದಿತ್ತು, ಹಡಗೂ ಉಳಿದಿತ್ತು.

ನಾನು ಕೈ ಚಾಚಲೂ ಇಲ್ಲ, ಮಡಚಲೂ ಇಲ್ಲ. ನನ್ನದು ಅಂದರೆ ಹಡಗು ಎರಡನೇ ಸಲ ಮುಳುಗುತ್ತದೆ, ಜೊತೆಗೆ ನನ್ನ ಮಾನ. ನನ್ನದಲ್ಲ ಅಂದರೆ ಯಜಮಾನರು ಬೀಗಿತಿಯ ಖಾಲಿ ಜಾಡಿ ಸೇರಿ ವಿಜಯವಾಡಕ್ಕೆ ಹೋಗುತ್ತಾರೆ.

"ಜಾಡಿಗೆ ಹಾಕಿ, ಹಾಕಿ" ಎಂದರು ಬೀಗಿತಿ.

"ಅದು ಹೇಗಮ್ಮಾ?" ಎಂದಳು ಭವಾನಿ, ನನ್ನನ್ನೇ ನೋಡುತ್ತಾ. "ನೀರಿನ ಪಾಲಾದದ್ದು ಯಾರದ್ದೇ ಆಗಲಿ, ನಮ್ಮ ಹೊಸಿಲು ದಾಟಬಾರದು. ಅಲ್ವಾ ಅತ್ತಯ್ಯಾ?"

ಬೀಗರು ಉಂಗುರವನ್ನು ಬಿಸಿಲಿಗೆ ಹಿಡಿದು ತಿರುಗಿಸಿದರು. ಒಳಗಡೆ ಹಳದಿ ದಾರದ ಒಂದು ಎಳೆ ಅಂಟಿಕೊಂಡಿತ್ತು. ಗೆಜ್ಜೆಯನ್ನು ನೋಡಿದರು, ಅದರ ಮೇಲಿನ ಕುಂಕುಮ ನೋಡಿದರು. ಬಹಳ ಹೊತ್ತು ನನ್ನ ಬರಿಬೆರಳು ನೋಡಿದರು. ಆಮೇಲೆ ಹೆಂಡತಿಗೆ ಕೇಳಿಸದಷ್ಟು ಮೆಲ್ಲಗೆ, ತುಂಬಾ ಮರ್ಯಾದೆಯಿಂದ ಕೇಳಿದರು:

"ಹೇಳಿ ವದಿನಗಾರು, ಇದು ನಿಮ್ಮದಾ, ಗಂಗಮ್ಮನದಾ?"